ಆ ಮರದ ಮೇಜಿನ ಮೇಲೆ ಮಲಗಿದ್ದವರು

ವಸ್ತು ಸಂಗ್ರಹಾಲಯ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ರಾಜರ ಖಡ್ಗ, ರಾಣಿಯರ ಒಡವೆ, ಹಳೆಯ ನಾಣ್ಯ, ಭಗ್ನ ಶಿಲ್ಪಗಳು. ಆಳಿದವರು ಮತ್ತು ಗೆದ್ದವರು ಬಿಟ್ಟು ಹೋದ ವಸ್ತುಗಳೇ ಅಲ್ಲಿ ಹೆಚ್ಚು. ರೋಗಿಗಳ ನೋವಿಗೂ ಒಂದು ಮ್ಯೂಸಿಯಂ ಇರಬಹುದು ಎಂದು ನಾವು ಯೋಚಿಸುವುದು ಕಡಿಮೆ. ಆದರೆ ಬ್ರಿಟನ್ನಿನಲ್ಲಿ ಅಂಥ ಮ್ಯೂಸಿಯಂಗಳು ಒಂದೆರಡಲ್ಲ. ಎಡಿನ್‌ಬರೋದಲ್ಲಿ ಸರ್ಜನ್ಸ್ ಹಾಲ್ ಇದೆ. ಲೀಡ್ಸ್ ನಗರದಲ್ಲಿ, ಹಿಂದೆ ನಿರ್ಗತಿಕರನ್ನು ಇರಿಸಿ ದುಡಿಸುತ್ತಿದ್ದ ವರ್ಕ್‌ಹೌಸ್ ಕಟ್ಟಡದಲ್ಲೇ ಥ್ಯಾಕ್ರೆ ಮ್ಯೂಸಿಯಂ ಇದೆ. ಲಂಡನ್ನಿನ ಹಳೆಯ ಚರ್ಚೊಂದರ ಅಟ್ಟದಲ್ಲಿ 'ಓಲ್ಡ್ ಆಪರೇಟಿಂಗ್ ಥಿಯೇಟರ್' ಇದೆ. ರಜೆ ಬಂತೆಂದರೆ ತಂದೆ ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ಇಲ್ಲಿಗೆ ಬರುತ್ತಾರೆ. ಮೂಳೆ ಕತ್ತರಿಸುವ ಗರಗಸ, ರಕ್ತ ಹೀರಿಸಲು ಬಳಸುತ್ತಿದ್ದ ಜಿಗಣೆಯ ಜಾಡಿ, ತಲೆಬುರುಡೆಗೆ ತೂತು ಕೊರೆಯುವ ಉಪಕರಣ ಇವನ್ನೆಲ್ಲ ನೋಡಿ ಮಕ್ಕಳು ಮುಖ ಕಿವುಚುತ್ತಾರೆ, ಕಿರುಚುತ್ತಾರೆ, ಮತ್ತೆ ನಗುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಚರಿತ್ರೆಯನ್ನು ಮಕ್ಕಳಿಗೆ ಕಲಿಸಲು ಭಯ ಮತ್ತು ನಗು ಎರಡೂ ಒಳ್ಳೆಯ ದಾರಿಗಳೇ. ಆದರೆ ನೋಡಿ ಹೊರಬಂದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವುದು ಏನು? 'ಅಂದಿನ ಜನರು ಎಷ್ಟು ಅಜ್ಞಾನಿಗಳಾಗಿದ್ದರು, ನಾವು ಎಷ್ಟು ಅದೃಷ್ಟವಂತರು' ಎಂಬ ಸಮಾಧಾನ ಮಾತ್ರವೇ? ಲಂಡನ್ನಿನ ಆ ಅಟ್ಟವನ್ನು ನೋಡಿದ ನಮಗೆ ಇನ್ನೊಂದು ಪ್ರಶ್ನೆಯೇ ಮುಖ್ಯವಾಗಿ ಕಂಡಿತು. ಆ ಮೇಜಿನ ಮೇಲೆ ಮಲಗಿದ್ದವರು ಯಾರು?

ಅಟ್ಟದ ಮೇಲಿನ ಆಪರೇಶನ್ ಕೊಠಡಿ

ಥೇಮ್ಸ್ ನದಿಯ ದಕ್ಷಿಣ ದಂಡೆಯ ಸದರ್ಕ್ ಎಂಬ ಪ್ರದೇಶದಲ್ಲಿ ಸೇಂಟ್ ಥಾಮಸ್ ಆಸ್ಪತ್ರೆ ಶತಮಾನಗಳ ಕಾಲ ಇತ್ತು. ಅದರದೇ ಆದ ಚರ್ಚನ್ನು 1703ರ ಸುಮಾರಿಗೆ ಹೊಸದಾಗಿ ಕಟ್ಟಲಾಯಿತು. ಚರ್ಚಿನ ಮಾಡಿನ ಕೆಳಗೆ ವಿಶಾಲವಾದ ಒಂದು ಅಟ್ಟ. ಆಸ್ಪತ್ರೆಯ ಔಷಧಿ ತಯಾರಕರು ಗಿಡಮೂಲಿಕೆಗಳನ್ನು ಒಣಗಿಸಿ ಇಡುತ್ತಿದ್ದುದು ಅಲ್ಲಿಯೇ. ಮುಂದೆ 1822ರಲ್ಲಿ ಈ ಅಟ್ಟದ ಒಂದು ಭಾಗದಲ್ಲಿ ಮಹಿಳೆಯರಿಗಾಗಿ ಶಸ್ತ್ರಕ್ರಿಯೆಯ ಕೊಠಡಿಯನ್ನು ನಿರ್ಮಿಸಿದರು. ಅದಕ್ಕೆ ಕಾರಣವೂ ಇತ್ತು. ಅಲ್ಲಿಯ ತನಕ ಹೆಂಗಸರ ಆಪರೇಶನ್‌ಗಳು ವಾರ್ಡಿನಲ್ಲಿಯೇ, ಇತರ ರೋಗಿಗಳ ಎದುರಿನಲ್ಲಿಯೇ ನಡೆಯುತ್ತಿದ್ದವು. ಒಬ್ಬಳ ಆರ್ತನಾದವನ್ನು ಮುಂದಿನ ಸರದಿಯವಳು ತನ್ನ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಬೇಕಿತ್ತು. ಮಹಿಳೆಯರ ವಾರ್ಡಿಗೆ ತಾಗಿಕೊಂಡೇ ಇದ್ದ ಆ ಅಟ್ಟ ಈ ಕೆಲಸಕ್ಕೆ ಅನುಕೂಲವಾಯಿತು. ಮಾಡಿನಲ್ಲಿ ಗಾಜು ಕೂರಿಸಿ ಬೆಳಕಿನ ವ್ಯವಸ್ಥೆ ಮಾಡಿದರು. ಆಗ ವಿದ್ಯುತ್ ದೀಪ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಆಸ್ಪತ್ರೆ 1862ರಲ್ಲಿ ಅಲ್ಲಿಂದ ಸ್ಥಳಾಂತರಗೊಂಡಿತು. ರೈಲು ಮಾರ್ಗಕ್ಕಾಗಿ ಕಂಪೆನಿಯೊಂದು ಆ ಜಾಗವನ್ನು ಖರೀದಿಸಿತ್ತು. ಅಟ್ಟದ ಬಾಗಿಲು ಮುಚ್ಚಿತು, ಜನರು ಅದನ್ನು ಮರೆತೂ ಬಿಟ್ಟರು. ಸುಮಾರು ಒಂದು ಶತಮಾನದ ಬಳಿಕ, 1956ರಲ್ಲಿ, ರೇಮಂಡ್ ರಸೆಲ್ ಎಂಬವರು ಹಳೆಯ ಕಟ್ಟಡದ ಚರಿತ್ರೆಯನ್ನು ಹುಡುಕುತ್ತಾ ಮೇಲೆ ಹತ್ತಿದಾಗ ಈ ಕೊಠಡಿ ಮತ್ತೆ ಬೆಳಕಿಗೆ ಬಂತು. 1962ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಯುರೋಪಿನಲ್ಲಿ ಉಳಿದಿರುವ ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿ ಇದು ಅತ್ಯಂತ ಹಳೆಯದೆಂದು ಹೆಸರಾಗಿದೆ.

ಇಕ್ಕಟ್ಟಾದ ಸುರುಳಿ ಮೆಟ್ಟಿಲುಗಳನ್ನು, ಒಟ್ಟು 52, ಹತ್ತಿ ಹೋದರೆ ಮೊದಲು ಸಿಗುವುದು ಗಿಡಮೂಲಿಕೆಗಳ ಅಟ್ಟ. ಅದನ್ನು ದಾಟಿದರೆ ಅರ್ಧ ವೃತ್ತಾಕಾರದಲ್ಲಿ ಒಂದರ ಮೇಲೊಂದು ಕಟ್ಟಿದ ಮರದ ಕಟ್ಟೆಗಳು. ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿ ಒತ್ತೊತ್ತಾಗಿ ನಿಂತು ನೋಡುತ್ತಿದ್ದರು. 'ಥಿಯೇಟರ್' ಎಂಬ ಹೆಸರು ಇಂದಿಗೂ ಆಪರೇಶನ್ ಕೊಠಡಿಗಳಿಗೆ ಅಂಟಿಕೊಂಡಿರುವುದು ಇದರಿಂದಲೇ. ಅದು ನಿಜಕ್ಕೂ ಒಂದು ಪ್ರದರ್ಶನ ಮಂದಿರವಾಗಿತ್ತು. ನಡುವೆ ಕಿರಿದಾದ ಒಂದು ಮರದ ಮೇಜು. ಅದರ ಅಡಿಯಲ್ಲಿ ಮರದ ಹುಡಿ ತುಂಬಿದ ಪೆಟ್ಟಿಗೆ. ರಕ್ತ ಸುರಿಯುತ್ತಿದ್ದಂತೆ ವೈದ್ಯರು ಆ ಪೆಟ್ಟಿಗೆಯನ್ನು ಕಾಲಿನಿಂದ ಅತ್ತಿತ್ತ ಸರಿಸುತ್ತಿದ್ದರು. ಗೋಡೆಯ ಬಳಿ ಕೈ ತೊಳೆಯಲು ಸಣ್ಣದೊಂದು ಬೋಗುಣಿ. ಅದು ಆಪರೇಶನ್ ಮುಗಿದ ಮೇಲೆ ತೊಳೆಯಲಿಕ್ಕೆ, ಮೊದಲು ತೊಳೆಯಲಿಕ್ಕಲ್ಲ. ವೈದ್ಯರು ಧರಿಸುತ್ತಿದ್ದ ಹಳೆಯ ಕೋಟು ಒಣಗಿದ ರಕ್ತದಿಂದ ಗಟ್ಟಿಯಾಗಿರುತ್ತಿತ್ತು. ಅದನ್ನು ಅನುಭವದ ಗುರುತೆಂದು ಭಾವಿಸುವವರಿದ್ದರು.

ಅರಿವಳಿಕೆ ಇಲ್ಲದ ಆ ಕಾಲದಲ್ಲಿ ವೇಗವೇ ಕರುಣೆಯಾಗಿತ್ತು. ಕಾಲು ಕತ್ತರಿಸುವ ಕೆಲಸವನ್ನು ನುರಿತ ವೈದ್ಯರು ಒಂದೆರಡು ನಿಮಿಷಗಳಲ್ಲಿ ಮುಗಿಸುತ್ತಿದ್ದರು. ರೋಗಿಯ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು, ಸಹಾಯಕರು ಕೈಕಾಲುಗಳನ್ನು ಅದುಮಿ ಹಿಡಿಯುತ್ತಿದ್ದರು. ಲಂಡನ್ನಿನ ರಾಬರ್ಟ್ ಲಿಸ್ಟನ್ ತನ್ನ ವೇಗಕ್ಕೆ ಬಹಳ ಹೆಸರಾಗಿದ್ದ. ಅವನು ಅವಸರದಲ್ಲಿ ರೋಗಿಯನ್ನೂ ಸಹಾಯಕನನ್ನೂ ಒಬ್ಬ ಪ್ರೇಕ್ಷಕನನ್ನೂ ಒಂದೇ ಆಪರೇಶನ್‌ನಲ್ಲಿ ಸಾಯಿಸಿದ ಎಂಬ ಕಥೆಯೊಂದನ್ನು ಜನರು ನಗುತ್ತಾ ಹೇಳುವುದುಂಟು. ಅದಕ್ಕೆ ಆ ಕಾಲದ ಯಾವ ಆಧಾರವೂ ಸಿಕ್ಕಿಲ್ಲ. ಆದರೂ ಕಥೆ ಸಾಯುವುದಿಲ್ಲ, ಏಕೆಂದರೆ ಅದರಲ್ಲಿ ನಗು ಇದೆ. ಸತ್ತವರು ಯಾರು ಎಂದು ಯಾರೂ ಕೇಳುವುದಿಲ್ಲ.

ಧರ್ಮಾಸ್ಪತ್ರೆಯ ಬೆಲೆ

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ಅಟ್ಟಕ್ಕೆ ಬಂದ ಹೆಂಗಸರು ಯಾರು? ಅವರೆಲ್ಲರೂ ಬಡವರು. ಹಣವಂತರು ಆಗ ಆಸ್ಪತ್ರೆಗೆ ಹೋಗುತ್ತಲೇ ಇರಲಿಲ್ಲ. ವೈದ್ಯರೇ ಅವರ ಮನೆಗೆ ಬಂದು, ಅಡುಗೆ ಮನೆಯ ಮೇಜಿನ ಮೇಲೋ ಮಲಗುವ ಕೋಣೆಯಲ್ಲೋ ಆಪರೇಶನ್ ಮಾಡುತ್ತಿದ್ದರು. ಅಲ್ಲಿ ಪ್ರೇಕ್ಷಕರು ಇರುತ್ತಿರಲಿಲ್ಲ. ಆಸ್ಪತ್ರೆ ಎಂಬುದು ದಾನಿಗಳ ಹಣದಿಂದ ನಡೆಯುವ ಧರ್ಮಶಾಲೆಯಂತಿತ್ತು. ಚಿಕಿತ್ಸೆ ದುಡ್ಡಿಗಾಗಿ ಅಲ್ಲ, ಕನಿಕರದಿಂದ ಎಂಬ ಅರ್ಥದ ಲ್ಯಾಟಿನ್ ಬರಹ ಆ ಕೊಠಡಿಯ ಗೋಡೆಯ ಮೇಲೆ ಇಂದಿಗೂ ಇದೆ. ಹಣದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಬಡ ರೋಗಿಗಳು ಹಣಕ್ಕೆ ಬದಲಾಗಿ ಬೇರೇನನ್ನೋ ತೆತ್ತರು. ನೂರಾರು ಅಪರಿಚಿತ ಗಂಡಸರ ಕಣ್ಣೆದುರು ತಮ್ಮ ದೇಹವನ್ನು ಪಾಠದ ಹಲಗೆಯಾಗಿ ಒಡ್ಡಿದರು.

ಅವರ ಅನುಭವ ಹೇಗಿತ್ತು ಎಂದು ತಿಳಿಯಲು ನಮಗೆ ಅವರು ಬರೆದ ಒಂದು ಸಾಲೂ ಸಿಗುವುದಿಲ್ಲ. ಸಿಗುವುದು ಇನ್ನೊಬ್ಬಳದು. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ಆಕೆಯ ಮನೆಯಲ್ಲಿಯೇ ಸ್ತನದ ಆಪರೇಶನ್ ನಡೆಯಿತು. ಮಾಡಿದವರು ನೆಪೋಲಿಯನ್ನನ ಸೇನೆಯ ಪ್ರಖ್ಯಾತ ವೈದ್ಯ ಲಾರೆ ಮತ್ತು ಅವರ ಸಂಗಡಿಗರು. ಕುಡಿಯಲು ಕೊಟ್ಟ ಸ್ವಲ್ಪ ಮದ್ಯವನ್ನು ಬಿಟ್ಟರೆ ನೋವು ಮರೆಸಲು ಬೇರೇನೂ ಇರಲಿಲ್ಲ. ಮುಖದ ಮೇಲೆ ಹಾಕಿದ್ದ ತೆಳುವಾದ ವಸ್ತ್ರದ ಮೂಲಕ ಹೊಳೆಯುವ ಕತ್ತಿಯನ್ನು ಆಕೆ ಕಂಡಳು. ಆಕೆ ಬದುಕಿದಳು, 1840ರ ವರೆಗೂ ಬಾಳಿದಳು. ತನಗಾದುದೆಲ್ಲವನ್ನೂ ಅಕ್ಕನಿಗೆ ಬರೆದ ದೀರ್ಘ ಪತ್ರದಲ್ಲಿ ದಾಖಲಿಸಿದಳು. ಬರೆದು ಮುಗಿಸಲು ಆಕೆಗೆ ತಿಂಗಳುಗಳೇ ಬೇಕಾದವು. ನೆನಪಿಸಿಕೊಳ್ಳುವುದೇ ಮತ್ತೊಮ್ಮೆ ಕತ್ತಿಗೆ ಒಡ್ಡಿಕೊಂಡಂತೆ ಆಗುತ್ತಿತ್ತು.

ಅರಿವಳಿಕೆಗೆ ಮುನ್ನ ಆಪರೇಶನ್ ಹೇಗಿತ್ತು ಎಂದು ಹೇಳುವ ಪುಸ್ತಕಗಳೆಲ್ಲ ಈ ಪತ್ರವನ್ನು ನೆನೆಯುತ್ತವೆ. ನೆನೆಯಬೇಕಾದುದೇ. ಆದರೆ ಫ್ಯಾನಿ ಬರ್ನಿಗೆ ಅಕ್ಷರ ಗೊತ್ತಿತ್ತು, ಹೆಸರಿತ್ತು, ಪತ್ರವನ್ನು ಜೋಪಾನ ಮಾಡುವ ಕುಟುಂಬವಿತ್ತು. ಸದರ್ಕ್‌ನ ಅಟ್ಟದಲ್ಲಿ ಮಲಗಿದ್ದ ಕೆಲಸದಾಕೆಗೆ, ಬಟ್ಟೆ ಒಗೆಯುವವಳಿಗೆ, ಬೀದಿಯಲ್ಲಿ ಮೀನು ಮಾರುವವಳಿಗೆ ಇವು ಯಾವುವೂ ಇರಲಿಲ್ಲ. ನೋವು ಇಬ್ಬರದೂ ಒಂದೇ. ಚರಿತ್ರೆಗೆ ಒಬ್ಬಳ ನೋವು ಮಾತ್ರ ಕೇಳಿಸಿತು.

ರೋಗಿಗಳಿಗೆ ಮೊದಲೇ ತಿಳಿದಿತ್ತು

ಅರಿವಳಿಕೆ ಬಂದದ್ದು 1846ರಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಅಕ್ಟೋಬರ್ 16ರಂದು ಈಥರ್ ಬಳಸಿ ತೋರಿಸಿದ. ಎರಡೇ ತಿಂಗಳಲ್ಲಿ, ಡಿಸೆಂಬರ್ 21ರಂದು, ಅದೇ ಲಿಸ್ಟನ್ ಲಂಡನ್ನಿನಲ್ಲಿ ಈಥರ್ ಕೊಟ್ಟು ಮನೆಗೆಲಸದ ಬಟ್ಲರನೊಬ್ಬನ ಕಾಲು ಕತ್ತರಿಸಿದ. ಕಿರುಚಾಟವಿಲ್ಲದ ಆಪರೇಶನ್ ಕಂಡು ನೆರೆದವರು ಬೆರಗಾದರು. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ತಂದ. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಯ ಸಮಯದಲ್ಲಿ ಅದನ್ನು ಸ್ವೀಕರಿಸಿದ ಮೇಲೆ ಜನರ ಅಂಜಿಕೆ ಕಡಿಮೆಯಾಯಿತು.

ಆದರೆ ನೋವು ಹೋದ ಮಾತ್ರಕ್ಕೆ ಸಾವು ಹೋಗಲಿಲ್ಲ. ರೋಗಿ ಸುಮ್ಮನೆ ಮಲಗಿರುವುದರಿಂದ ವೈದ್ಯರು ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ಕತ್ತರಿಸತೊಡಗಿದರು. ಕೈ ತೊಳೆಯುವ ರೂಢಿ ಮಾತ್ರ ಇನ್ನೂ ಬಂದಿರಲಿಲ್ಲ. ಗಾಯಕ್ಕೆ ನಂಜೇರಿ ಜನರು ಸಾಯುತ್ತಲೇ ಇದ್ದರು. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಬಳಸಿ ನಂಜು ತಡೆಯುವ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಸದರ್ಕ್‌ನ ಅಟ್ಟ ಅದಕ್ಕೂ ಐದು ವರ್ಷ ಮೊದಲೇ ಮುಚ್ಚಿತ್ತು.

ಇಲ್ಲಿ ವಿಯೆನ್ನಾ ನಗರದ ಒಂದು ಪ್ರಸಂಗವನ್ನು ಹೇಳಲೇಬೇಕು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಉಚಿತ ಹೆರಿಗೆಯ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರ ಸಂಖ್ಯೆ ಬಹಳ ಹೆಚ್ಚು. ಆ ವಿಭಾಗಕ್ಕೆ ಹಾಕಬೇಡಿ ಎಂದು ಹೆಂಗಸರು ಕೈಮುಗಿದು ಬೇಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಹೆತ್ತರೂ ಸರಿ, ಅಲ್ಲಿ ಬೇಡ ಎನ್ನುವವರಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ಕಾರಣ ಕಂಡುಹಿಡಿದ. ವೈದ್ಯರು ಹೆಣ ಕೊಯ್ದ ಕೈಯಲ್ಲೇ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಕಡ್ಡಾಯ ಮಾಡಿದ. ಆ ವರ್ಷದ ಏಪ್ರಿಲ್‌ನಲ್ಲಿ ಆ ವಿಭಾಗದ ಸಾವಿನ ಪ್ರಮಾಣ ಶೇ. 18.3 ಇದ್ದುದು ಜೂನ್‌ನಲ್ಲಿ ಶೇ. 2.2ಕ್ಕೆ ಇಳಿಯಿತು. ಆದರೂ ದೊಡ್ಡ ದೊಡ್ಡ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಅವನು ತೀರಿಕೊಂಡ.

ಸೆಮ್ಮೆಲ್‌ವೈಸ್‌ನ ದುರಂತವನ್ನು ಎಲ್ಲರೂ ಹೇಳುತ್ತಾರೆ. ಆದರೆ ಅವನಿಗಿಂತ ಮೊದಲೇ ಆ ಬಡ ಗರ್ಭಿಣಿಯರಿಗೆ ಸತ್ಯ ತಿಳಿದಿತ್ತಲ್ಲವೇ? ಯಾವ ಬಾಗಿಲಿನಲ್ಲಿ ಸಾವು ಇದೆ ಎಂದು ಅವರು ಬಾಯಿಬಿಟ್ಟು ಹೇಳುತ್ತಿದ್ದರು. ಅದನ್ನು ಹೆಂಗಸರ ಹೆದರಿಕೆ ಎಂದು ತಳ್ಳಿಹಾಕಿದರೇ ಹೊರತು ಜ್ಞಾನ ಎಂದು ಯಾರೂ ಪರಿಗಣಿಸಲಿಲ್ಲ. ಆದ್ದರಿಂದ ವೈದ್ಯಕೀಯದ ಕರಾಳ ಚರಿತ್ರೆ ಎಂದರೆ ತಿಳಿಯದೆ ಆದ ತಪ್ಪುಗಳ ಕಥೆ ಮಾತ್ರವಲ್ಲ. ಕೇಳಿಸಿಕೊಳ್ಳದೆ ಆದ ತಪ್ಪುಗಳ ಕಥೆಯೂ ಹೌದು.

ಸತ್ತ ಮೇಲೂ ಬಿಡದ ಬಡತನ

ಬದುಕಿರುವಾಗ ಹೀಗಾದರೆ ಸತ್ತ ಮೇಲೆ? ಅಂಗರಚನೆ ಕಲಿಯದೆ ಯಾರೂ ಒಳ್ಳೆಯ ವೈದ್ಯರಾಗಲಾರರು. ಅದಕ್ಕೆ ಶವಗಳು ಬೇಕು. ಬ್ರಿಟನ್ನಿನಲ್ಲಿ 1752ರ ಕಾನೂನಿನ ಪ್ರಕಾರ ಗಲ್ಲಿಗೇರಿದ ಕೊಲೆಗಾರರ ಶವಗಳನ್ನು ಕೊಯ್ಯಲು ಕೊಡುತ್ತಿದ್ದರು. ಎಂದರೆ ಶವಚ್ಛೇದನ ಎಂಬುದು ಗಲ್ಲಿನ ಮೇಲೆ ಇನ್ನೊಂದು ಶಿಕ್ಷೆಯಾಗಿತ್ತು. ವೈದ್ಯಕೀಯ ಶಾಲೆಗಳು ಹೆಚ್ಚಿದಂತೆ ಆ ಶವಗಳು ಸಾಲದಾದವು. ಆಗ ರಾತ್ರಿ ಹೊತ್ತು ಗೋರಿ ಅಗೆದು ಹೆಣ ಕದ್ದು ಮಾರುವ ತಂಡಗಳು ಹುಟ್ಟಿಕೊಂಡವು. ಉಳ್ಳವರು ತಮ್ಮವರ ಗೋರಿಗಳಿಗೆ ಕಬ್ಬಿಣದ ಪಂಜರ ಹಾಕಿಸಿದರು, ಕಾವಲುಗಾರರನ್ನು ಇಟ್ಟರು. ಬಡವರ ಗೋರಿಗಳಿಗೆ ಯಾವ ಕಾವಲೂ ಇರಲಿಲ್ಲ.

ಈ ಮ್ಯೂಸಿಯಂನಿಂದ ಸ್ವಲ್ಪ ನಡೆದರೆ ಕ್ರಾಸ್ ಬೋನ್ಸ್ ಎಂಬ ಹಳೆಯ ದಫನ ಭೂಮಿ ಸಿಗುತ್ತದೆ. ಸದರ್ಕ್‌ನ ಬಡವರನ್ನು, ಸಮಾಜ ದೂರವಿಟ್ಟ ಹೆಂಗಸರನ್ನು ಅಲ್ಲಿ ಹೂಳುತ್ತಿದ್ದರು. ಇನ್ನು ಹೂಳಲು ಜಾಗವೇ ಇಲ್ಲವೆಂದು 1853ರಲ್ಲಿ ಅದನ್ನು ಮುಚ್ಚಲಾಯಿತು. ಸುಮಾರು 15,000 ಮಂದಿಯನ್ನು ಅಲ್ಲಿ ಹೂಳಿರಬಹುದೆಂದು ಅಂದಾಜು. 1990ರ ದಶಕದಲ್ಲಿ ರೈಲು ಕಾಮಗಾರಿಗೆಂದು ಅಗೆದಾಗ ತಜ್ಞರು 148 ಅಸ್ಥಿಪಂಜರಗಳನ್ನು ಹೊರತೆಗೆದರು. ಹೆಚ್ಚಿನವು ಎಳೆಯ ಮಕ್ಕಳವು. ಇಂದು ಅದರ ಕಬ್ಬಿಣದ ಗೇಟಿಗೆ ಜನರು ಬಣ್ಣದ ರಿಬ್ಬನ್ನುಗಳನ್ನು, ಹೂಗಳನ್ನು ಕಟ್ಟುತ್ತಾರೆ.

ಕೊನೆಗೆ ಕಳ್ಳತನ ಕೊಲೆಗೆ ತಿರುಗಿತು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಮಂದಿಯನ್ನು ಕೊಂದು ರಾಬರ್ಟ್ ನಾಕ್ಸ್ ಎಂಬ ಅಂಗರಚನಾ ಶಿಕ್ಷಕನಿಗೆ ಶವಗಳನ್ನು ಮಾರಿದರು. ಸತ್ತವರೆಲ್ಲ ಅಲೆಮಾರಿಗಳು, ಒಂಟಿ ಹೆಂಗಸರು, ಕೇಳುವವರಿಲ್ಲದವರು. ಬರ್ಕ್‌ನನ್ನು 1829ರ ಜನವರಿಯಲ್ಲಿ ಗಲ್ಲಿಗೇರಿಸಿ ಅವನ ದೇಹವನ್ನೂ ಕೊಯ್ದರು. ಅವನ ಅಸ್ಥಿಪಂಜರ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಇದೆ. ನಾಕ್ಸ್‌ನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ.

ಇಂಥ ಕೊಲೆಗಳನ್ನು ತಡೆಯಲು ಪಾರ್ಲಿಮೆಂಟ್ 1832ರಲ್ಲಿ ಅನಾಟಮಿ ಕಾಯಿದೆಯನ್ನು ತಂದಿತು. ಅದು ಶವದ ಕಳ್ಳ ವ್ಯಾಪಾರವನ್ನು ನಿಲ್ಲಿಸಿದ್ದು ನಿಜ. ಆದರೆ ಹೇಗೆ? ವರ್ಕ್‌ಹೌಸ್‌ಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತವರನ್ನು ಯಾರೂ ಬಂದು ಪಡೆದುಕೊಳ್ಳದಿದ್ದರೆ ಆ ಶವಗಳನ್ನು ವೈದ್ಯಕೀಯ ಶಾಲೆಗಳಿಗೆ ಕೊಡಬಹುದು ಎಂದಿತು. ನಿನ್ನೆಯ ತನಕ ಕೊಲೆಗಾರರಿಗೆ ವಿಧಿಸುತ್ತಿದ್ದ ಶಿಕ್ಷೆ ಇಂದಿನಿಂದ ಬಡವರ ಪಾಲಿಗೆ ಬಂತು. ಅವರ ಅಪರಾಧ ಬಡತನ ಒಂದೇ. ಶವ ಸಂಸ್ಕಾರಕ್ಕೆ ಹಣವಿಲ್ಲದ ಬಂಧುಗಳು ಶವ ಪಡೆಯಲು ಬಾರದಿದ್ದರೆ ಅದೂ 'ವಾರಸುದಾರರಿಲ್ಲದ ಶವ'ವೇ. ವರ್ಕ್‌ಹೌಸ್ ಎಂದರೆ ಬಡವರು ನಡುಗುತ್ತಿದ್ದುದಕ್ಕೆ ಇದೂ ಒಂದು ಕಾರಣವಾಗಿತ್ತು. ಅದೇ ವರ್ಷ ತತ್ವಜ್ಞಾನಿ ಜೆರೆಮಿ ಬೆಂಥಾಮ್ ತನ್ನ ದೇಹವನ್ನು ಶವಚ್ಛೇದನಕ್ಕೆ ಕೊಡಬೇಕೆಂದು ಬರೆದಿಟ್ಟು ತೀರಿಕೊಂಡ. ಅವನ ಇಚ್ಛೆಯಂತೆಯೇ ಉಡುಪು ತೊಡಿಸಿದ ಅವನ ಅಸ್ಥಿಪಂಜರ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ. ಕೊಯ್ದದ್ದು ಅವನ ದೇಹವನ್ನೂ ಹೌದು, ವರ್ಕ್‌ಹೌಸ್‌ನ ಮುದುಕಿಯ ದೇಹವನ್ನೂ ಹೌದು. ವ್ಯತ್ಯಾಸ ಒಂದೇ. ಅವನನ್ನು ಕೇಳಿದ್ದರು, ಅವಳನ್ನು ಕೇಳಿರಲಿಲ್ಲ.

ನಮ್ಮ ಹೆಮ್ಮೆ ಮತ್ತು ನಮ್ಮ ಚರಿತ್ರೆ

ಇದನ್ನೆಲ್ಲ ಓದುವಾಗ ನಮ್ಮಲ್ಲಿ ಕೆಲವರಿಗೆ ಒಂದು ಬಗೆಯ ತೃಪ್ತಿ ಆಗುವುದುಂಟು. ಯುರೋಪು ಕತ್ತಲಲ್ಲಿದ್ದಾಗ ಮುಸ್ಲಿಮ್ ಜಗತ್ತಿನಲ್ಲಿ ಬೆಳಕಿತ್ತಲ್ಲ ಎಂಬ ತೃಪ್ತಿ. ಅದರಲ್ಲಿ ಸತ್ಯವೂ ಇದೆ. ಕ್ರಿ.ಶ. 1000ದ ಸುಮಾರಿಗೆ ಸ್ಪೇನಿನ ಕೊರ್ದೋಬಾ ಸಮೀಪ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರ 'ಅತ್ತಸ್ರೀಫ್' 30 ಭಾಗಗಳ ಬೃಹತ್ ಗ್ರಂಥ. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಸುಮಾರು 200 ಉಪಕರಣಗಳ ಚಿತ್ರ ಅದರಲ್ಲಿದೆ. ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನ ವೈದ್ಯರಿಗೆ ಶತಮಾನಗಳ ಕಾಲ ಅದು ಪಾಠವಾಯಿತು. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬೀಮಾರಿಸ್ತಾನ್ ಬಡವ ಬಲ್ಲಿದ, ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ತೆರೆದಿತ್ತು. ವಕ್ಫ್ ಆದಾಯದಿಂದ ಅದು ನಡೆಯುತ್ತಿತ್ತು.

ಆದರೆ ಅಝ್ಝಹ್ರಾವಿಯವರ ಕಾಲದ ರೋಗಿಗೂ ನೋವು ನೋವೇ ಆಗಿತ್ತು. ಕಾದ ಕಬ್ಬಿಣದಿಂದ ಸುಡುವುದು ಅವರ ಮುಖ್ಯ ಚಿಕಿತ್ಸೆಗಳಲ್ಲಿ ಒಂದು. ಅವರು ನಿಜವಾಗಿ ದೊಡ್ಡವರಾಗುವುದು ಉಪಕರಣಗಳ ಸಂಖ್ಯೆಯಿಂದ ಅಲ್ಲ. ಅಂಗರಚನೆ ತಿಳಿಯದ ವೈದ್ಯನೊಬ್ಬ ಹೆಂಗಸಿನ ಕುತ್ತಿಗೆಯ ಗೆಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳವನ್ನೇ ಕತ್ತರಿಸಿ ಆಕೆಯನ್ನು ಸಾಯಿಸಿದ್ದನ್ನು ಅವರು ಗ್ರಂಥದಲ್ಲಿಯೇ ಬರೆದಿಟ್ಟರು. ತಿಳಿಯದಿದ್ದರೆ ಕತ್ತಿ ಎತ್ತಬೇಡಿ, ದುರಾಸೆಗೆ ಬಿದ್ದು ಕತ್ತಿ ಎತ್ತಬೇಡಿ ಎಂದು ಶಿಷ್ಯರಿಗೆ ಎಚ್ಚರಿಸಿದರು. ತಮ್ಮ ವೃತ್ತಿಯ ತಪ್ಪನ್ನು ಮುಚ್ಚಿಡದ ಈ ಪ್ರಾಮಾಣಿಕತೆಯೇ ನಾವು ಅವರಿಂದ ಪಡೆಯಬೇಕಾದ ಆಸ್ತಿ. ಸತ್ತ ಆ ಹೆಂಗಸಿನ ಹೆಸರು ಅಲ್ಲಿಯೂ ಉಳಿದಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಲಂಡನ್ನಿನ ಈ ಚರಿತ್ರೆಗೆ ನಮ್ಮ ಮೈಸೂರಿನದೂ ಒಂದು ಕೊಂಡಿ ಇದೆ. ಟಿಪ್ಪು ಸುಲ್ತಾನರೊಂದಿಗೆ 1792ರಲ್ಲಿ ಮುಗಿದ ಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠ ಸೆರೆ ಸಿಕ್ಕ. ಟಿಪ್ಪುವಿನ ಕಡೆಯವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಶತ್ರುವಿನ ಮೂಗು ಕೊಯ್ಯುವುದು ಟಿಪ್ಪುವಿಗಿಂತ ಬಹಳ ಹಿಂದಿನಿಂದಲೂ ದಕ್ಷಿಣದ ಯುದ್ಧಗಳಲ್ಲಿ ಇದ್ದ ಕ್ರೌರ್ಯ. ಹಾಗೆಂದು ಕವಾಸ್‌ಜಿಯ ನೋವು ಕಡಿಮೆಯಾಗುವುದಿಲ್ಲ. ಟಿಪ್ಪುವನ್ನು ಪ್ರೀತಿಸುವ ನಾವು ಇದನ್ನೂ ಹೇಳುವ ಧೈರ್ಯ ತೋರಬೇಕು. ಒಂದು ವರ್ಷದ ನಂತರ ಪುಣೆಯಲ್ಲಿ ಕುಂಬಾರ ಸಮುದಾಯದ ಒಬ್ಬ ವ್ಯಕ್ತಿ ಕವಾಸ್‌ಜಿಯ ಹಣೆಯ ಚರ್ಮವನ್ನು ಮಡಚಿ ಇಳಿಸಿ ಹೊಸ ಮೂಗು ಮಾಡಿಕೊಟ್ಟ. ಇಬ್ಬರು ಬ್ರಿಟಿಷ್ ವೈದ್ಯರು ಅದನ್ನು ಕಣ್ಣಾರೆ ನೋಡಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಚಿತ್ರ ಸಮೇತ ವರದಿ ಪ್ರಕಟಿಸಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ ವೈದ್ಯ 1814ರಲ್ಲಿ ಅದೇ ವಿಧಾನದಿಂದ ಮೂಗು ಜೋಡಿಸಿದ, 1816ರಲ್ಲಿ ಪುಸ್ತಕ ಬರೆದ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಕಾರ್ಪ್ಯೂ ಹೆಸರಿದೆ. ಇಲ್ಲಿ ರೋಗಿಯ ಹೆಸರೂ ಉಳಿಯಿತು. ಆದರೆ ಆ ಪತ್ರಿಕೆಯ ವರದಿಯಲ್ಲಿ ಪುಣೆಯ ಆ ಶಸ್ತ್ರ ಪರಿಣತನ ಹೆಸರಿಲ್ಲ, ಜಾತಿ ಮಾತ್ರ ಇದೆ.

ಒಂದು ಖಾಲಿ ಗಾಜಿನ ಪೆಟ್ಟಿಗೆ

ಇಂಥ ಚರಿತ್ರೆಯನ್ನು ಸರಿಪಡಿಸಲು ಸಾಧ್ಯವೇ? ಆದುದನ್ನು ಆಗಲಿಲ್ಲ ಎನ್ನಲಾಗದು. ಆದರೆ ಇಂದು ಹೇಗೆ ತೋರಿಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಲಂಡನ್ನಿನಲ್ಲೇ ಅದಕ್ಕೊಂದು ಉದಾಹರಣೆಯಿದೆ.

ಚಾರ್ಲ್ಸ್ ಬರ್ನ್ ಎಂಬ ಐರಿಶ್ ಯುವಕ ಸುಮಾರು ಏಳೂವರೆ ಅಡಿ ಎತ್ತರವಿದ್ದ. ತನ್ನ ಎತ್ತರವನ್ನೇ ಪ್ರದರ್ಶಿಸಿ ಹೊಟ್ಟೆ ಹೊರೆಯುತ್ತಿದ್ದ. 1783ರಲ್ಲಿ, 22ರ ಹರೆಯದಲ್ಲಿ ತೀರಿಕೊಂಡ. ತನ್ನ ದೇಹ ವೈದ್ಯರ ಕೈಗೆ ಸಿಗಬಾರದು, ಸಮುದ್ರದಲ್ಲಿ ಮುಳುಗಿಸಿ ಎಂದು ಗೆಳೆಯರಲ್ಲಿ ಕೇಳಿಕೊಂಡಿದ್ದ. ಆದರೆ ಖ್ಯಾತ ಶಸ್ತ್ರವೈದ್ಯ ಜಾನ್ ಹಂಟರ್ ಹಣ ಕೊಟ್ಟು ಆ ಶವವನ್ನು ಪಡೆದ. ಬರ್ನ್‌ನ ಅಸ್ಥಿಪಂಜರ ಎರಡು ಶತಮಾನಕ್ಕೂ ಹೆಚ್ಚು ಕಾಲ ಪ್ರದರ್ಶನದಲ್ಲಿತ್ತು. ಅದರಿಂದ ವಿಜ್ಞಾನಕ್ಕೆ ಪ್ರಯೋಜನವೂ ಆಯಿತು, ಅತಿ ಬೆಳವಣಿಗೆಯ ಕಾರಣ ತಿಳಿಯಲು ಅದು ನೆರವಾಯಿತು. ಆದರೆ ಅವನ ಕೊನೆಯ ಆಸೆಯನ್ನು ಏನು ಮಾಡುವುದು? ನವೀಕರಣಕ್ಕಾಗಿ 2017ರಲ್ಲಿ ಮುಚ್ಚಿದ್ದ ಹಂಟೇರಿಯನ್ ಮ್ಯೂಸಿಯಂ 2023ರಲ್ಲಿ ಮತ್ತೆ ತೆರೆದಾಗ ಆ ಅಸ್ಥಿಪಂಜರವನ್ನು ಪ್ರದರ್ಶನಕ್ಕೆ ಇಡಲಿಲ್ಲ. ಸಮುದ್ರಕ್ಕೂ ಕೊಡಲಿಲ್ಲ, ಸಂಶೋಧನೆಗಾಗಿ ಸಂಗ್ರಹದಲ್ಲೇ ಉಳಿಸಿಕೊಂಡರು. ಹೀಗಾಗಿ ಇದು ಅರ್ಧ ನ್ಯಾಯ. ಆದರೂ ಸತ್ತ ಬಡವನೊಬ್ಬನ ಮಾತನ್ನು 240 ವರ್ಷಗಳ ಬಳಿಕ ಅರ್ಧವಾದರೂ ಕೇಳಿಸಿಕೊಂಡರು.

ಕಾನೂನಿನಲ್ಲೂ ಬದಲಾವಣೆ ಬಂತು. ಲಿವರ್‌ಪೂಲಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಸತ್ತ ಮಕ್ಕಳ ಅಂಗಾಂಗಗಳನ್ನು ತಂದೆ ತಾಯಿಗೆ ತಿಳಿಸದೆ ತೆಗೆದಿಟ್ಟುಕೊಂಡದ್ದು 1999ರಲ್ಲಿ ಬಯಲಾದಾಗ ದೇಶವೇ ಬೆಚ್ಚಿತು. ಅದರ ಫಲವಾಗಿ 2004ರ ಕಾಯಿದೆ ಬಂತು. ಇಂದು ಇಂಗ್ಲೆಂಡಿನಲ್ಲಿ ವ್ಯಕ್ತಿ ಬದುಕಿದ್ದಾಗಲೇ ಲಿಖಿತ ಒಪ್ಪಿಗೆ ಕೊಟ್ಟಿರದಿದ್ದರೆ ಅವರ ದೇಹವನ್ನು ಅಂಗರಚನೆಯ ಪಾಠಕ್ಕೆ ಬಳಸುವಂತಿಲ್ಲ. 1832ರ ತತ್ವ ಅಲ್ಲಿ ಕೊನೆಗೊಂಡಿತು.

ಇಲ್ಲಿಗೆ ಬಂದಾಗ ನಾವು ನಮ್ಮ ಕಡೆಗೂ ತಿರುಗಿ ನೋಡಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ 1957ರ ಅನಾಟಮಿ ಕಾಯಿದೆ ಇದೆ. ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ಅದು ಅವಕಾಶ ನೀಡುತ್ತದೆ. ಬ್ರಿಟಿಷರು 1832ರಲ್ಲಿ ಹಾಕಿದ ದಾರಿಯೇ ಇದು. ಅವರು ಅದನ್ನು ಬಿಟ್ಟರು, ನಾವು ಇನ್ನೂ ನಡೆಯುತ್ತಿದ್ದೇವೆ. ಬಸ್ ನಿಲ್ದಾಣದಲ್ಲಿ, ರೈಲು ಹಳಿಯ ಬದಿಯಲ್ಲಿ, ಸರಕಾರಿ ಆಸ್ಪತ್ರೆಯ ವರಾಂಡದಲ್ಲಿ ಸತ್ತವರು ಯಾರು? ಕೂಲಿಗೆಂದು ದೂರದ ಊರಿನಿಂದ ಬಂದವರು, ಮಕ್ಕಳು ಕೈಬಿಟ್ಟ ವೃದ್ಧರು, ಮಾನಸಿಕ ಅಸ್ವಸ್ಥರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಅವರನ್ನು ಕೇಳಿದವರಿಲ್ಲ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಶವ ಬೇಡವೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ವೈದ್ಯರು ನಮಗೆ ಬೇಕು, ನಮ್ಮ ಮಕ್ಕಳೂ ವೈದ್ಯರಾಗುತ್ತಿದ್ದಾರೆ. ಬದುಕಿರುವವರ ದೇಹಕ್ಕೆ ಇರುವಷ್ಟೇ ಗೌರವ ಮಯ್ಯತ್‌ಗೂ ಇದೆ ಎಂಬುದು ಮುಸ್ಲಿಮರ ನಂಬಿಕೆ. ಆ ನೆಲೆಯಲ್ಲಿ ಶವಚ್ಛೇದನ ಕೂಡದು ಎಂದ ವಿದ್ವಾಂಸರಿದ್ದಾರೆ. ಅನಿವಾರ್ಯವಾದರೆ ಗೌರವಕ್ಕೆ ಚ್ಯುತಿ ಬಾರದಂತೆ ನಡೆಯಲಿ ಎಂದವರೂ ಇದ್ದಾರೆ. ಆ ಚರ್ಚೆ ಬೇರೆ. ಆದರೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲಾರದು. ದೇಹ ಬೇಕಿದ್ದರೆ ಕೇಳಿ ಪಡೆಯಬೇಕು. ಕೊಡುವವರು ಉಳ್ಳವರಲ್ಲೂ ಇರಬೇಕು, ಇಲ್ಲದವರಲ್ಲೂ ಇರಬೇಕು. ಯಾರಿಗೂ ಬೇಡವಾದವರು ಎಂಬ ಕಾರಣಕ್ಕೆ ಯಾರ ದೇಹವೂ ಎಲ್ಲರ ಸೊತ್ತಾಗಬಾರದು. ಪಾಠ ಮುಗಿದ ಮೇಲೆ ಅವರವರ ಧರ್ಮದಂತೆ ಅಂತಿಮ ವಿದಾಯವೂ ಸಿಗಬೇಕು.

ಕೊರೋನಾದ ದಿನಗಳಲ್ಲಿ, 2020 ಮತ್ತು 2021ರಲ್ಲಿ, ಸ್ವಂತ ಮನೆಯವರೇ ಹತ್ತಿರ ಬರಲು ಅಂಜಿದ ಶವಗಳನ್ನು ನಮ್ಮ ರಾಜ್ಯದ ಎಷ್ಟೋ ಯುವಕರು ಹೆಗಲ ಮೇಲೆ ಹೊತ್ತರು. ಅವರಲ್ಲಿ ಮುಸ್ಲಿಮ್ ಯುವಕರು ಬಹಳ ಮಂದಿ ಇದ್ದರು. ಹಿಂದೂವಿನ ಶವವನ್ನು ಚಿತೆಗೆ, ಮುಸ್ಲಿಮನ ಶವವನ್ನು ಕಬರಿಗೆ, ಕ್ರೈಸ್ತನ ಶವವನ್ನು ಅವನ ದಫನ ಭೂಮಿಗೆ ತಲುಪಿಸಿದರು. ವಾರಸುದಾರರಿಲ್ಲದವರಿಗೆ ತಾವೇ ವಾರಸುದಾರರಾದರು. ಸದರ್ಕ್‌ನ ಬಡ ಹೆಂಗಸರಿಗೆ ಆ ಕಾಲದಲ್ಲಿ ಸಿಗದೆ ಹೋದದ್ದು ಇದೇ.

ಇಂದು ನಾವು ಆಪರೇಶನ್ ಎಂದರೆ ಹೆದರದೆ ಮಲಗುತ್ತೇವೆ. ಎದ್ದಾಗ ಎಲ್ಲ ಮುಗಿದಿರುತ್ತದೆ. ಆ ನೆಮ್ಮದಿಯ ಹಿಂದೆ ಮಾರ್ಟನ್, ಲಿಸ್ಟರ್, ಸೆಮ್ಮೆಲ್‌ವೈಸ್ ಇದ್ದಾರೆ. ಅವರ ಹೆಸರನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅವರ ಜೊತೆ, ಹೆಸರೇ ಉಳಿಯದ ಸಾವಿರಾರು ರೋಗಿಗಳೂ ಇದ್ದಾರೆ. ಮಕ್ಕಳನ್ನು ಇಂಥ ಮ್ಯೂಸಿಯಂಗೆ ಕರೆದೊಯ್ಯುವವರು ಗರಗಸವನ್ನು ತೋರಿಸಲಿ, ಜಿಗಣೆಯ ಜಾಡಿಯನ್ನು ತೋರಿಸಲಿ, ಮಕ್ಕಳು ಮುಖ ಕಿವುಚಿ ನಗಲಿ. ಆಮೇಲೆ ಒಂದು ನಿಮಿಷ ಆ ಮರದ ಮೇಜಿನ ಬಳಿ ನಿಲ್ಲಿಸಿ, ಇಲ್ಲಿ ಮಲಗಿದ್ದವರಿಗೆ ನಾವು ಋಣಿಗಳು ಎಂದು ಹೇಳಲಿ. ಅಷ್ಟನ್ನು ಕೇಳಿಸಿಕೊಂಡ ಮಗು ನಾಳೆ ವೈದ್ಯನಾದರೆ, ಬಡ ರೋಗಿಯ ಹೆಸರು ಕೇಳಿಯೇ ನಾಡಿ ಹಿಡಿದೀತು.